ಬಯಲೆಂಬ ಗೋಡೆ

ಮಂಗಳೂರಿನಿಂದ ಚೆನ್ನೈಗೆ ಹೊರಟ ರೈಲು ಕೋಳಿಕ್ಕೋಡು, ಶೋರನೂರು ದಾಟಿ ಪಾಲಕ್ಕಾಡಿನತ್ತ ತಿರುಗುತ್ತದೆ. ಅಲ್ಲಿಂದ ಮುಂದೆ ಎಲ್ಲೋ ಒಂದು ಕಡೆ ಅದು ಪಶ್ಚಿಮ ಘಟ್ಟವನ್ನು ದಾಟಿಬಿಡುತ್ತದೆ. ಹೆಚ್ಚಿನ ಪ್ರಯಾಣಿಕರಿಗೆ ಇದು ಗೊತ್ತೂ ಆಗುವುದಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯಲು ನಮ್ಮ ರೈಲಿಗೆ 57 ಸುರಂಗಗಳು ಬೇಕಾದವು. ಇಲ್ಲಿ ಘಾಟಿಯೂ ಇಲ್ಲ, ಬಂಡೆ ಕೊರೆದ ಸುರಂಗವೂ ಇಲ್ಲ. ಹಳಿಯ ಎರಡೂ ಬದಿಗೆ ಭತ್ತದ ಗದ್ದೆ, ಗದ್ದೆಯ ಬದುವಿನಲ್ಲಿ ತಾಳೆಮರ. ಉತ್ತರದ ಕಿಟಕಿಯಲ್ಲಿ ದೂರದ ನೀಲಗಿರಿ, ದಕ್ಷಿಣದ ಕಿಟಕಿಯಲ್ಲಿ ಆನೆಮಲೆಯ ಸಾಲು, ನಡುವೆ ಸುಮಾರು 30 ಕಿಲೋಮೀಟರ್ ಅಗಲದ ಬಯಲು. ಗುಜರಾತಿನ ಗಡಿಯಿಂದ ಕನ್ಯಾಕುಮಾರಿಯವರೆಗೆ ಹಬ್ಬಿದ ಘಟ್ಟಸಾಲಿನಲ್ಲಿ ಇಷ್ಟು ದೊಡ್ಡ ಬಿರುಕು ಇನ್ನೊಂದಿಲ್ಲ. ಶತಮಾನಗಳಿಂದ ವ್ಯಾಪಾರಿಗಳ ಗಾಡಿಗಳು, ದಂಡುಗಳು, ಕಡಲಿನ ಗಾಳಿ ಎಲ್ಲವೂ ಇದೇ ಬಾಗಿಲಿನಿಂದ ನುಗ್ಗಿವೆ.

ಮನುಷ್ಯರ ಪಾಲಿಗೆ ಬಾಗಿಲಾದ ಈ ಬಯಲು, ಬೆಟ್ಟದ ನೆತ್ತಿಯ ಶೋಲಾ ಎಂಬ ಕುಳ್ಳ ಮರಗಳ ಕಾಡಿನಲ್ಲಿ ನೆಲಕ್ಕೆ ಹತ್ತಿರವಾಗಿ ಹಾರಾಡುವ ಒಂದು ಪುಟ್ಟ ನೀಲಿ ಹಕ್ಕಿಯ ಪಾಲಿಗೆ ದಕ್ಷಿಣ ಭಾರತದ ಅತಿ ಎತ್ತರದ ಗೋಡೆ. ರೆಕ್ಕೆಯಿದ್ದೂ ಅದು ಈ ಬಯಲನ್ನು ದಾಟಿಲ್ಲ. ದಾಟದೆ ದಶಲಕ್ಷಗಟ್ಟಲೆ ವರ್ಷಗಳಾಗಿವೆ. ಗೋಡೆಯ ದಕ್ಷಿಣಕ್ಕಿರುವ ಆನೆಮುಡಿ ಎಂಬ ಶಿಖರದ ಕತೆ ಹೇಳಬೇಕೆಂದರೆ ಅದರ ಎತ್ತರಕ್ಕಿಂತ ಮೊದಲು ಈ ತಗ್ಗಿನ ಕತೆಯನ್ನೇ ಹೇಳಬೇಕು ಎಂದು ನನಗೆ ಅನಿಸುತ್ತದೆ.

ಆನೆಮುಡಿ 2,695 ಮೀಟರ್ ಎತ್ತರವಿದೆ. ಪರ್ಯಾಯ ದ್ವೀಪ ಭಾರತದಲ್ಲಿ ಇದಕ್ಕಿಂತ ಎತ್ತರದ ನೆಲವಿಲ್ಲ. ನಮ್ಮ ಮುಳ್ಳಯ್ಯನಗಿರಿ ಇದಕ್ಕಿಂತ 750 ಮೀಟರಿಗೂ ಹೆಚ್ಚು ಗಿಡ್ಡ. ಕೇರಳದ ಇಡುಕ್ಕಿ ಜಿಲ್ಲೆಯಲ್ಲಿ, ಮುನ್ನಾರಿನ ಉತ್ತರಕ್ಕೆ, ಆನೆಮಲೆ, ಪಳನಿ ಮತ್ತು ಏಲಕ್ಕಿ ಬೆಟ್ಟಗಳು ಒಂದಕ್ಕೊಂದು ಕೂಡುವ ಗಂಟಿನಲ್ಲಿ ಇದು ನಿಂತಿದೆ. ಸಮಭಾಜಕ ವೃತ್ತದಿಂದ ಬರೀ ಹತ್ತು ಡಿಗ್ರಿ ಉತ್ತರ. ಹಿಮಾಲಯದ ಶಿಖರಗಳ ಹಾಗೆ ಚೂಪಾದ ತುದಿ ಇದಕ್ಕಿಲ್ಲ. ಕಡಿದಾದ ಬಂಡೆಯ ಗೋಡೆಗಳ ಮೇಲೆ ಉರುಟಾದ, ಹುಲ್ಲು ಹೊದ್ದ ಬೆನ್ನು. ಸುತ್ತ 97 ಚದರ ಕಿಲೋಮೀಟರ್ ಇರವಿಕುಳಂ ರಾಷ್ಟ್ರೀಯ ಉದ್ಯಾನ. ಅದರ ಬಹುಭಾಗ 2,000 ಮೀಟರ್ ಎತ್ತರದಲ್ಲಿ ಅಲೆ ಅಲೆಯಾಗಿ ಹರಡಿದ ಪ್ರಸ್ಥಭೂಮಿ.

ಈ ಬೆಟ್ಟವನ್ನು ಜ್ವಾಲಾಮುಖಿ ಕಟ್ಟಿದ್ದಲ್ಲ. ಇಲ್ಲಿನ ಗ್ರಾನೈಟ್ ಮತ್ತು ನೈಸ್ ಶಿಲೆಗಳು ಭೂಮಿಯ ಆಳದಲ್ಲಿ ಪಾಕಗೊಂಡವು, 50 ಕೋಟಿ ವರ್ಷಗಳಿಗಿಂತ ಹಳೆಯವು. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಕಳಚಿಕೊಂಡು ಹೋದ ಮೇಲೆ ಭಾರತದ ಪಡುವಣ ಅಂಚು ಎದ್ದು ನಿಂತಿತು. ಅಂದಿನಿಂದ ಮಳೆ ಅದನ್ನು ಕೊರೆಯುತ್ತಲೇ ಇದೆ. ಮೆದು ಜಾಗಗಳು ಕರಗಿ ಕಣಿವೆಗಳಾದವು. ಗಟ್ಟಿ ಜಾಗಗಳು ಉಳಿದು ಬೆಟ್ಟಗಳೆನಿಸಿಕೊಂಡವು. ಪಾಲಕ್ಕಾಡಿನ ಬಯಲಿರುವ ಕಡೆ ನೆಲದಾಳದ ಬಂಡೆಗಳು ಬಹುಹಿಂದೆ ಒಂದರ ಪಕ್ಕಕ್ಕೊಂದು ಜರುಗಿ ನುಜ್ಜಾಗಿದ್ದವು. ಅವನ್ನು ಸವೆಸುವುದಕ್ಕೆ ನೀರಿಗೆ ಅಲ್ಲಿ ಹೆಚ್ಚು ಶ್ರಮ ಬೇಕಾಗಲಿಲ್ಲ. ಆನೆಮುಡಿಯ ಎತ್ತರ, ಪಾಲಕ್ಕಾಡಿನ ತಗ್ಗು ಎರಡೂ ಒಂದೇ ಸವೆತದ ಎರಡು ಫಲಗಳು.

ಜೂನ್‌ನಲ್ಲಿ ಅರಬ್ಬೀ ಸಮುದ್ರದ ಮೋಡಗಳು ಈ ಬೆಟ್ಟಸಾಲಿಗೆ ಬಂದು ಬಡಿಯುತ್ತವೆ. ಪಡುವಣ ಮುಖದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಸುರಿಯುತ್ತದೆ. ಶಿಖರ ದಾಟಿ ಮೂಡಣಕ್ಕೆ ಇಳಿದರೆ ಮರಯೂರು, ಅದರಾಚೆ ಚಿನ್ನಾರ್. ಚಿನ್ನಾರ್‌ನಲ್ಲಿ ಬೀಳುವುದು ಸುಮಾರು 500 ಮಿಲಿಮೀಟರ್ ಮಳೆ, ಹೆಚ್ಚುಕಡಿಮೆ ನಮ್ಮ ಚಿತ್ರದುರ್ಗದ ಬಯಲುಸೀಮೆಯ ಲೆಕ್ಕ. ಅಲ್ಲಿ ಕುರುಚಲು ಕಾಡು, ನಕ್ಷತ್ರ ಆಮೆ. ಮರಯೂರಿನಲ್ಲಿ ತಾನೇ ತಾನಾಗಿ ಬೆಳೆದ ಶ್ರೀಗಂಧದ ಕಾಡು. ಶಿಖರದ ಎರಡು ಮಗ್ಗುಲಲ್ಲಿ ಎರಡು ಬೇರೆ ನಾಡುಗಳೇ ಇವೆ.

ಮತ್ತೆ ಆ ಗೋಡೆಯ ಪ್ರಶ್ನೆಗೆ ಬರೋಣ. ಬೆಟ್ಟ ಏರುತ್ತ ಹೋದಂತೆ ಪ್ರತಿ ಒಂದು ಕಿಲೋಮೀಟರಿಗೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಪಾಲಕ್ಕಾಡಿನಲ್ಲಿ 40 ಡಿಗ್ರಿ ಮುಟ್ಟಿದರೆ, ಲೆಕ್ಕದ ಪ್ರಕಾರ ಆನೆಮುಡಿಯ ನೆತ್ತಿಯಲ್ಲಿ 23ರ ಆಸುಪಾಸು ಇರಬೇಕು. ಇದು ಜಗತ್ತಿನ ಎಲ್ಲ ಬೆಟ್ಟಗಳಿಗೂ ಅನ್ವಯಿಸುವ ನಿಯಮ. ಹಾಗಿದ್ದರೆ ಉಷ್ಣವಲಯದ ಬೆಟ್ಟದಲ್ಲಿ ವಿಶೇಷವೇನು?

1967ರಲ್ಲಿ ಡೇನಿಯಲ್ ಜಾನ್ಸೆನ್ ಎಂಬ ಅಮೆರಿಕನ್ ಜೀವವಿಜ್ಞಾನಿ ಒಂದು ಲೇಖನ ಬರೆದರು. ಅದರ ತಲೆಬರಹವೇ ಒಂದು ಪ್ರಶ್ನೆ: ಉಷ್ಣವಲಯದಲ್ಲಿ ಬೆಟ್ಟದ ದಾರಿಗಳು ಹೆಚ್ಚು ಎತ್ತರ ಏಕೆ? ಅಳತೆಪಟ್ಟಿ ಹಿಡಿದರೆ ಹಾಗೇನೂ ಇಲ್ಲ. ಅದನ್ನು ದಾಟಬೇಕಾದ ಪ್ರಾಣಿಯ ಮೈಯಿಂದ ಅಳೆದರೆ ಮಾತ್ರ ಅವು ಎತ್ತರ ಎಂಬುದು ಅವರ ವಾದ. ಆಲ್ಪ್ಸ್ ಪರ್ವತದ ಜೀರುಂಡೆಯೊಂದು ಚಳಿಗಾಲದಲ್ಲಿ ಹಿಮವನ್ನು ಕಾಣುತ್ತದೆ, ಬೇಸಿಗೆಯಲ್ಲಿ ಬಿಸಿಲನ್ನು ಕಾಣುತ್ತದೆ. ಒಂದೇ ಜಾಗದಲ್ಲಿ ಕೂತಿದ್ದರೂ ವರ್ಷದೊಳಗೆ ಮೂವತ್ತು ನಲವತ್ತು ಡಿಗ್ರಿಗಳ ಏರಿಳಿತ ಅದರ ಮೈಮೇಲೆ ಹಾದುಹೋಗುತ್ತದೆ. ಅದು ಕಣಿವೆಗಿಳಿದರೆ ಅಲ್ಲಿನ ಸೆಕೆ ಅದಕ್ಕೆ ಪೂರ್ತಿ ಅಪರಿಚಿತವಲ್ಲ. ಉಷ್ಣವಲಯದಲ್ಲಿ ತಿಂಗಳಿಂದ ತಿಂಗಳಿಗೆ ಸರಾಸರಿ ಉಷ್ಣತೆ ಬದಲಾಗುವುದು ಕೆಲವೇ ಡಿಗ್ರಿ. ಎರಡು ಸಾವಿರ ಮೀಟರ್ ಎತ್ತರದ ಜೀವಿಗೆ ಜನವರಿಯೂ ತಂಪು, ಮೇ ತಿಂಗಳೂ ತಂಪು. ಬುಡದಲ್ಲಿರುವುದಕ್ಕೆ ವರ್ಷವಿಡೀ ಸೆಕೆ. ಹತ್ತೂರಿನ ನೀರು ಕುಡಿದವನ ಹೊಟ್ಟೆಗೂ ಹುಟ್ಟಿದಾಗಿನಿಂದ ಒಂದೇ ಬಾವಿಯ ನೀರು ಕುಡಿದವನ ಹೊಟ್ಟೆಗೂ ಎಷ್ಟು ವ್ಯತ್ಯಾಸವೋ ಅಷ್ಟು. ಸಾವಿರ ಮೀಟರ್ ಕೆಳಗಿಳಿದರೆ ಬೆಟ್ಟದ ಜೀವಿ ತನ್ನ ಪೀಳಿಗೆಯಲ್ಲಿ ಯಾವುದೂ ಕಾಣದ ಹವೆಯೊಳಗೆ ಕಾಲಿಟ್ಟಂತೆ.

ಹಕ್ಕಿ ಬಿಸಿರಕ್ತದ ಪ್ರಾಣಿ, ಅದರ ಮಟ್ಟಿಗೆ ಸೆಕೆಯೊಂದೇ ಗೋಡೆಯಲ್ಲ. ಶೋಲಾದ ಮಬ್ಬಿನಲ್ಲಿ, ಪಾಚಿ ಹಿಡಿದ ಕೊಂಬೆಗಳ ಕೆಳಗೆ ಹುಳು ಹೆಕ್ಕುವ ಹಕ್ಕಿಗೆ ಬಯಲಿನಲ್ಲಿ ಮರೆಯೂ ಇಲ್ಲ, ಮೇವೂ ಇಲ್ಲ. ಆದರೆ ಫಲ ಒಂದೇ. ಬೆಟ್ಟದ ನೆತ್ತಿಗಳು ದ್ವೀಪಗಳಾಗುತ್ತವೆ, ನಡುವಿನ ಬಯಲು ಕಡಲಾಗುತ್ತದೆ. ಜೀವವಿಜ್ಞಾನಿಗಳು ಇವನ್ನು ಆಕಾಶದ್ವೀಪಗಳೆಂದು ಕರೆಯುತ್ತಾರೆ.

ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ವಿ.ವಿ. ರಾಬಿನ್, ಉಮಾ ರಾಮಕೃಷ್ಣನ್ ಮತ್ತು ಸಂಗಡಿಗರು ಈ ದ್ವೀಪಗಳ ಹಕ್ಕಿಗಳ ವಂಶಾವಳಿಯನ್ನು ಬಿಡಿಸಿದ್ದಾರೆ. ಶೋಲಾದೊಳಗೆ ಕಣ್ಣಿಗೆ ಕಾಣದಷ್ಟು ನವಿರಾದ ಬಲೆ ಕಟ್ಟಿ, ಸಿಕ್ಕ ಹಕ್ಕಿಯಿಂದ ಹನಿ ರಕ್ತ ತೆಗೆದು ಬಿಟ್ಟುಬಿಡುವುದು, ಆಮೇಲೆ ಪ್ರಯೋಗಾಲಯದಲ್ಲಿ ಅದರ ಡಿಎನ್‌ಎ ಓದುವುದು ಅವರ ಕೆಲಸ. ಪಾಲಕ್ಕಾಡಿನ ಬಯಲಿನ ಉತ್ತರಕ್ಕೆ, ನೀಲಗಿರಿಯಿಂದ ನಮ್ಮ ಬಾಬಾಬುಡನ್‌ಗಿರಿಯವರೆಗಿನ ಶೋಲಾಗಳಲ್ಲಿರುವ ನೀಲಿ ರಾಬಿನ್‌ಗೆ ಹೊಟ್ಟೆಯ ಪಕ್ಕದಲ್ಲಿ ಕಂದು ಬಣ್ಣ. ದಕ್ಷಿಣದ ಆನೆಮುಡಿಯ ಕಡೆ ಇರುವುದಕ್ಕೆ ಬಿಳಿ ಹೊಟ್ಟೆ. ನೋಡುವವರಿಗೆ ಅಣ್ಣತಮ್ಮಂದಿರಂತೆ ಕಾಣುವ ಇವೆರಡು ಬೇರ್ಪಟ್ಟದ್ದು ಮನುಷ್ಯ ಕುಲ ಹುಟ್ಟುವ ಮುಂಚೆ. ಇವುಗಳ ಹತ್ತಿರದ ನೆಂಟರು ಬೇರೆಲ್ಲೂ ಇಲ್ಲದ ಕಾರಣ 2017ರಲ್ಲಿ ಶೋಲಿಕೋಲ ಎಂಬ ಹೊಸ ಕುಲವನ್ನೇ ಅವರು ಸ್ಥಾಪಿಸಬೇಕಾಯಿತು. ಲಾಫಿಂಗ್ ಥ್ರಶ್ ಹಕ್ಕಿಗಳದ್ದೂ ಇದೇ ಕತೆ. ನೀಲಗಿರಿಯಲ್ಲಿ ಒಂದು, ಆನೆಮುಡಿ ಮತ್ತು ಪಳನಿಯಲ್ಲಿ ಇನ್ನೊಂದು, ಇನ್ನೂ ದಕ್ಷಿಣದ ಸೆಂಗೋಟ್ಟೈ ಬಿರುಕಿನ ಆಚೆ ಅಗಸ್ತ್ಯಮಲೆಯ ಕಡೆ ಮಗದೊಂದು. ನಾಲ್ಕನೆಯದು ವಯನಾಡಿನ ಬಾಣಾಸುರ ಬೆಟ್ಟ ಮತ್ತು ಕೊಡಗಿನ ಬ್ರಹ್ಮಗಿರಿಯ ಕಡೆ. ಆನೆಗಳ ಮೇಲೂ ಈ ಬಯಲಿನ ಗುರುತಿದೆ: ಪಾಲಕ್ಕಾಡಿನ ಉತ್ತರದ ಮತ್ತು ದಕ್ಷಿಣದ ಆನೆ ಹಿಂಡುಗಳು ಡಿಎನ್‌ಎಯಲ್ಲಿ ಬೇರೆ ಬೇರೆಯೆಂದು ಟಿ.ಎನ್.ಸಿ. ವಿದ್ಯಾ ಮತ್ತು ಆರ್. ಸುಕುಮಾರ್ ಅವರ ತಂಡ 2005ರಲ್ಲಿ ತೋರಿಸಿತು. ದಿನಕ್ಕೆ ಹತ್ತಾರು ಕಿಲೋಮೀಟರ್ ನಡೆಯಬಲ್ಲ ಪ್ರಾಣಿಗೂ ಈ ಬಯಲು ಸಲೀಸಾದ ದಾರಿಯಾಗಲಿಲ್ಲ ಎಂಬುದನ್ನು ನೆನೆದರೆ ನನಗೆ ಇಂದಿಗೂ ಬೆರಗು.

ಇರವಿಕುಳಂನ ಪ್ರಸ್ಥಭೂಮಿಯನ್ನು ಮೊದಲ ಸಲ ನೋಡಿದವರ ಕಣ್ಣು ಕೀಲಿಸುವುದು ಹುಲ್ಲಿನ ಮೇಲೆ. ಇಷ್ಟು ಮಳೆ ಬೀಳುವ ಜಾಗದಲ್ಲಿ ದಟ್ಟ ಕಾಡು ಇರಬೇಕಿತ್ತಲ್ಲ? ಕಾಡಿದೆ, ಆದರೆ ಬೆಟ್ಟದ ಮಡಿಕೆಗಳಲ್ಲಿ, ತೊರೆಗಳ ಗುಂಟ ಮಾತ್ರ. ಕುಳ್ಳ ಮರಗಳು, ಹಸಿರು-ಕೆಂಪು ಚಿಗುರಿನ ಗುಂಡು ನೆತ್ತಿಗಳು, ಕಾಂಡದ ತುಂಬ ಪಾಚಿ, ಆರ್ಕಿಡ್. ಅಂಚಿನಲ್ಲಿ ಕೆಂಪು ಹೂವಿನ ರೋಡೋಡೆಂಡ್ರಾನ್. ಭಾರತದಲ್ಲಿ ಅದರ ಬಂಧುಗಳನ್ನು ಮತ್ತೆ ನೋಡಬೇಕೆಂದರೆ ಹಿಮಾಲಯದ ಕಡೆಗೇ ಹೋಗಬೇಕು. ಶೋಲಾದ ಅಂಚು ಎಲ್ಲಿ ಮುಗಿಯಿತೋ ಅಲ್ಲಿಂದ ಒಂದೇ ಹೆಜ್ಜೆಗೆ ಹುಲ್ಲು ಶುರು. ನಡುವೆ ಕುರುಚಲು ಗಿಡಗಳ ಪಟ್ಟಿಯೂ ಬಹಳ ಕಡೆ ಇಲ್ಲ.

ಮನುಷ್ಯ ಕಾಡು ಸುಟ್ಟು ಹುಲ್ಲು ಮಾಡಿದ ಎಂದು ಬಹುಕಾಲ ನಂಬಿದ್ದರು. ಬ್ರಿಟಿಷ್ ಅರಣ್ಯಾಧಿಕಾರಿಗಳ ದಾಖಲೆಗಳಲ್ಲಿ ಈ ಹುಲ್ಲುಗಾವಲು ಬಂಜರು. ಇದಕ್ಕೆ ಉತ್ತರ ಸಿಕ್ಕಿದ್ದು ಜೌಗು ನೆಲದ ಕಪ್ಪು ಮಣ್ಣಿನಲ್ಲಿ. ನೀಲಗಿರಿಯ ಕಣಿವೆಗಳಲ್ಲಿ ಸತ್ತ ಗಿಡಗಳು ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತಿರುತ್ತವೆ. ಇದೇ ಪೀಟ್. ಮರಗಳು ಗಾಳಿಯ ಇಂಗಾಲವನ್ನು ಹಿಡಿಯುವ ಬಗೆಯೂ ಬಿಸಿಲುನಾಡಿನ ಹುಲ್ಲುಗಳು ಹಿಡಿಯುವ ಬಗೆಯೂ ಬೇರೆ. ಹುಲ್ಲಿನ ಮೈಯಲ್ಲಿ ಇಂಗಾಲ-13 ಎಂಬ ತೂಕದ ಪರಮಾಣುಗಳ ಪಾಲು ಹೆಚ್ಚು. ಗಿಡ ಕೊಳೆತು ಆಕಾರ ಕಳೆದುಕೊಂಡರೂ ಈ ಸಹಿ ಅಳಿಯುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಕುಮಾರ್ ಮತ್ತು ಅಹಮದಾಬಾದಿನ ಆರ್. ರಮೇಶ್ ಮೊದಲಾದವರು ಪೀಟಿನ ಪದರಗಳನ್ನು ಹೀಗೆ ಓದಿ 1993ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ಸುಮಾರು 20 ಸಾವಿರ ವರ್ಷಗಳ ಹಿಂದೆ, ಹಿಮಯುಗ ಉತ್ತುಂಗದಲ್ಲಿದ್ದಾಗ, ಇಲ್ಲಿ ಹುಲ್ಲಿನದೇ ಮೇಲುಗೈ. ಕೊಡಲಿ, ನೇಗಿಲು ಬರುವುದಕ್ಕೆ ಎಷ್ಟೋ ಮೊದಲೇ ಹುಲ್ಲುಗಾವಲು ಇತ್ತು.

ಇಂದೂ ಮರ ಯಾಕೆ ಹುಲ್ಲಿನೊಳಕ್ಕೆ ಕಾಲಿಡುತ್ತಿಲ್ಲ? ಬೆಂಕಿ, ಗಾಳಿ, ತೆಳು ಮಣ್ಣು ಎಲ್ಲಕ್ಕೂ ಪಾಲಿದೆ. ಆದರೆ ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ ಉತ್ತರ ಇಬ್ಬನಿಯದು, ಅದೂ ಹೆಪ್ಪುಗಟ್ಟಿದ ಇಬ್ಬನಿಯದು. ಡಿಸೆಂಬರ್-ಜನವರಿಯ ಮೋಡವಿಲ್ಲದ ರಾತ್ರಿ ಹುಲ್ಲಿನ ನೆಲ ಹಗಲಿನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ತಣ್ಣನೆಯ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಜಾರಿ ತಗ್ಗಿನಲ್ಲಿ ಮಡುಗಟ್ಟುತ್ತದೆ. ಬೆಳಗಿನ ಜಾವ ಹುಲ್ಲಿನ ಎಸಳ ಮೇಲೆ ಬಿಳಿಯ ಹರಳು. ಹತ್ತು ಹೆಜ್ಜೆ ಆಚೆ ಶೋಲಾದೊಳಗೆ ಎಲೆಗಳ ಚಾವಣಿ ಕಾವನ್ನು ಹಿಡಿದಿಟ್ಟುಕೊಂಡಿರುತ್ತದೆ, ಅಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ಬೆಂಗಳೂರಿನ ಅದೇ ಜೀವವಿಜ್ಞಾನ ಕೇಂದ್ರದ ಅತುಲ್ ಜೋಶಿ, ಜಯಶ್ರೀ ರತ್ನಂ, ಮಹೇಶ್ ಶಂಕರನ್ ಅವರ ತಂಡ ನೀಲಗಿರಿಯ ಹುಲ್ಲಿನಲ್ಲಿ ಶೋಲಾ ಮರಗಳ ಸಸಿಗಳನ್ನೂ ಪರದೇಶದ ಅಕೇಶಿಯಾ ಸಸಿಗಳನ್ನೂ ಬೆಳೆಸಿ ನೋಡಿತು. ಶೋಲಾದ ಸಸಿಗಳು ಈ ಚಳಿಗೆ ಸುಟ್ಟುಹೋದವು. ಅಕೇಶಿಯಾ ತಡೆದುಕೊಂಡಿತು. 2020ರಲ್ಲಿ ಪ್ರಕಟವಾದ ಈ ಫಲಿತಾಂಶ ಹಳೆಯ ಒಗಟಿನ ಒಂದು ಗಂಟನ್ನು ಬಿಡಿಸಿತು. ಜೊತೆಗೆ ಒಂದು ಆತಂಕವನ್ನೂ ಹುಟ್ಟಿಸಿತು.

ನೀಲಗಿರಿಯಲ್ಲಿ ಈ ಹುಲ್ಲಿನ ದೊಡ್ಡ ಪಾಲು ನೀಲಗಿರಿ ಮರದ, ವ್ಯಾಟಲ್ ಎಂಬ ಅಕೇಶಿಯಾದ ತೋಪುಗಳಾಗಿ ಹೋಯಿತು. ಆನೆಮುಡಿಯ ಸುತ್ತಲಿನದು ಉಳಿದದ್ದರ ಹಿಂದೆ ಶಿಕಾರಿಯ ಹವ್ಯಾಸವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೆಳಗಿನ ಇಳಿಜಾರುಗಳೆಲ್ಲ ಚಹಾ ತೋಟಗಳಾದವು. ಮೇಲಿನ ಇರವಿಕುಳಂ ಚಹಾಕ್ಕೆ ತೀರಾ ಎತ್ತರ, ತೀರಾ ಚಳಿ. ತೋಟದ ಸಾಹೇಬರು ಅದನ್ನು ಬೇಟೆಗೆಂದು ಕಾದಿರಿಸಿದರು, ಇಲ್ಲಿನ ಮುದುವಾನ್ ಜನರನ್ನು ಕಾವಲಿಗಿಟ್ಟರು. 1971ರ ಕಾಯಿದೆಯಿಂದ ಈ ನೆಲ ಸರಕಾರದ ಕೈಗೆ ಬಂತು. 1975ರಲ್ಲಿ ಅಭಯಾರಣ್ಯ, 1978ರಲ್ಲಿ ರಾಷ್ಟ್ರೀಯ ಉದ್ಯಾನ.

ಆ ಬೇಟೆಗಾರರು ಹುಡುಕಿಕೊಂಡು ಬರುತ್ತಿದ್ದ ಪ್ರಾಣಿ ನೀಲಗಿರಿ ಥಾರ್. ಮಲಯಾಳಿಗಳು, ತಮಿಳರು ಇದನ್ನು ವರೆಯಾಡು ಎನ್ನುತ್ತಾರೆ. ಪ್ರವಾಸಿಗರಿಗೆ ಬಿಡುವ ರಾಜಮಲೆಯ ದಾರಿಯಲ್ಲಿ ಇದು ಕೈಗೆಟಕುವಷ್ಟು ಹತ್ತಿರ ಮೇಯುತ್ತಿರುತ್ತದೆ. ಮೋಟಾದ ಕೂದಲು, ಹಿಂದಕ್ಕೆ ಬಾಗಿದ ಗಿಡ್ಡ ಕೊಂಬು. ಬಲಿತ ಗಂಡಿನ ಮೈ ಗಾಢ ಕಂದು, ಬೆನ್ನಿನ ಮೇಲೆ ಮಾತ್ರ ಬೆಳ್ಳಗಿನ ತಡಿ. ಅದು ಕಲ್ಲಿನ ಮೇಲೆ ಕಾಲಿಡುವುದನ್ನು ಗಮನಿಸಬೇಕು. ಗೊರಸಿನ ಅಂಚು ಗಟ್ಟಿ, ನಡುವಿನ ಮೆತ್ತೆ ರಬ್ಬರಿನಂತೆ ಮೆದು. ಒದ್ದೆ ಬಂಡೆಯ ಮೇಲೆ ಅಂಚು ಕಚ್ಚುತ್ತದೆ, ಮೆತ್ತೆ ಅಂಟುತ್ತದೆ. ಚಿರತೆಯೋ ಸೀಳುನಾಯಿಯೋ ಕಂಡರೆ ಒಂದು ಥಾರ್ ಸಿಳ್ಳೆ ಹಾಕುತ್ತದೆ, ಮರುಕ್ಷಣ ಇಡೀ ಹಿಂಡು ಬಂಡೆಯ ಗೋಡೆಯ ಮೇಲಿರುತ್ತದೆ. ಮೇಯಲು ಹುಲ್ಲು, ಓಡಲು ಕಡಿಬಂಡೆ, ಇವೆರಡೂ ಒಟ್ಟಿಗಿದ್ದಲ್ಲಿ ಮಾತ್ರ ಇದರ ಬಾಳು. ಜನವರಿ-ಫೆಬ್ರವರಿಯಲ್ಲಿ ಮರಿ ಹಾಕುವುದರಿಂದ ಆ ಹೊತ್ತಿಗೆ ಉದ್ಯಾನವನ್ನು ಮುಚ್ಚುತ್ತಾರೆ. ಹಿಮಾಲಯದ ಥಾರ್‌ನ ತಮ್ಮನೆಂದೇ ಇದನ್ನು ತಿಳಿದಿದ್ದರು; 2005ರಲ್ಲಿ ಡಿಎನ್‌ಎ ಪರೀಕ್ಷೆ ಇದು ಕುರಿಗಳಿಗೆ ಹೆಚ್ಚು ಹತ್ತಿರವೆಂದು ತೋರಿಸಿದ ಮೇಲೆ ಇದಕ್ಕೂ ಪ್ರತ್ಯೇಕ ಕುಲ ಬಂತು. ಕೇರಳ, ತಮಿಳುನಾಡು ಸೇರಿ 2025ರಲ್ಲಿ ನಡೆಸಿದ ಗಣತಿಯಲ್ಲಿ 2,600ಕ್ಕೂ ಹೆಚ್ಚು ಥಾರ್‌ಗಳು ಸಿಕ್ಕವು. ಅವುಗಳ ಅತಿದೊಡ್ಡ ನೆಲೆ ಇರವಿಕುಳಂ.

ಇದೇ ಬೆಟ್ಟದ ನೀಲಕುರಿಂಜಿ ಹೂವಿನ ಬಗ್ಗೆ ಪತ್ರಿಕೆಗಳು ಧಾರಾಳವಾಗಿ ಬರೆದಿವೆ, ಇಲ್ಲಿ ಎರಡು ಮಾತು ಸಾಕು. 12 ವರ್ಷಕ್ಕೊಮ್ಮೆ ಬೆಟ್ಟದ ಕುರಿಂಜಿ ಗಿಡಗಳೆಲ್ಲ ಒಟ್ಟಿಗೆ ಹೂಬಿಟ್ಟು, ಬೀಜ ಕಟ್ಟಿ, ಒಟ್ಟಿಗೆ ಸಾಯುತ್ತವೆ. 2006, 2018 ಆಯಿತು, ಮುಂದಿನದು 2030. ನಮ್ಮ ಮಲೆನಾಡಿನಲ್ಲಿ ಗುರ್ಗಿ ಎಂದು ಕರೆಯುವ ಇದರ ಬಳಗ 2022ರಲ್ಲಿ ಚಂದ್ರದ್ರೋಣ ಪರ್ವತದಲ್ಲಿ ಅರಳಿತ್ತು. ಬೀಜ ತಿನ್ನುವ ಹಕ್ಕಿ, ಹುಳುಗಳು ಎಷ್ಟು ತಿಂದರೂ ಮುಗಿಯದಷ್ಟು ಬೀಜವನ್ನು ಒಂದೇ ಹಂಗಾಮಿನಲ್ಲಿ ಸುರಿಯುವುದು ಇದರ ಉಪಾಯ ಎಂಬುದು ಸದ್ಯಕ್ಕೆ ಹೆಚ್ಚು ಒಪ್ಪಿತವಾದ ವಿವರಣೆ.

ಆನೆಮುಡಿಯ ನಿವಾಸಿಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಒಂದು ಕಪ್ಪೆ. ಸುಮಾರು ಒಂದಂಗುಲ ಉದ್ದ, ಕೆಂಡದ ಹಾಗೆ ಕಿತ್ತಳೆ-ಕೆಂಪು ಬಣ್ಣ, ಬೆನ್ನು ಮತ್ತು ಪಕ್ಕೆಗಳ ಮೇಲೆ ಉಬ್ಬಿದ ಗ್ರಂಥಿಗಳು. ಇದರ ಬಂಧುಗಳೆಲ್ಲ ಪೊದೆಗಪ್ಪೆಗಳು, ನೀಳ ಕಾಲುಗಳಿಂದ ಎಲೆಯಿಂದ ಎಲೆಗೆ ಜಿಗಿಯುವವು. ಇದರ ಕಾಲುಗಳು ಮೊಟಕು. ಜಿಗಿಯುವುದಕ್ಕಿಂತ ಹುಲ್ಲಿನ ಬುಡದಲ್ಲಿ ತೆವಳುವುದೇ ಹೆಚ್ಚು. ಹತ್ತಲು ಮರವೇ ಇಲ್ಲದ ಗಾಳಿಗುಡ್ಡದ ನೆತ್ತಿಯಲ್ಲಿ ಉದ್ದ ಕಾಲಿಗೆ ಕೆಲಸವಿಲ್ಲ. ಮೊಟ್ಟೆ ಇಡಲು ಕೊಳ ಬೇಡ. ಗೊದಮೊಟ್ಟೆಯ ಹಂತವೆಲ್ಲ ಮೊಟ್ಟೆಯ ಒಳಗೇ ಮುಗಿದು ಪುಟ್ಟ ಕಪ್ಪೆಯೇ ಹೊರಬರುತ್ತದೆ. ಬೇಕಾಗುವುದು ಒಂದೇ, ಮೊಟ್ಟೆ ಒಣಗದಷ್ಟು ತೇವ. ಮೋಡ ಅದನ್ನು ಒದಗಿಸುತ್ತದೆ.

ಎಸ್.ಡಿ. ಬಿಜು ಮತ್ತು ಸಂಗಡಿಗರು 2010ರಲ್ಲಿ ಈ ಕಪ್ಪೆಯನ್ನು ಜಗತ್ತಿಗೆ ಪರಿಚಯಿಸಿದಾಗ, ಅದರ ನೆಲೆ ಆನೆಮುಡಿಯ ಸುತ್ತ ಮೂರು ಚದರ ಕಿಲೋಮೀಟರಿಗಿಂತ ಕಡಿಮೆ ಎಂದು ಹೇಳಿದರು. ಅದೇ ಲೇಖನದಲ್ಲಿ ಅವರು ಇಂಥ ಪೊದೆಗಪ್ಪೆಗಳಿಗೆ ರಾವೋರ್ಕೆಸ್ಟಿಸ್ ಎಂಬ ಹೊಸ ಕುಲನಾಮವನ್ನೂ ಕೊಟ್ಟರು. ಆ ಹೆಸರಿನಲ್ಲಿರುವ ರಾವ್, ಬೆಂಗಳೂರು ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದ ಸಿ.ಆರ್. ನಾರಾಯಣ ರಾವ್. ಭಾರತೀಯರು ಕಪ್ಪೆಗಳ ಅಧ್ಯಯನಕ್ಕೆ ಕೈಹಾಕುವುದೇ ಅಪರೂಪವಾಗಿದ್ದ ಕಾಲದಲ್ಲಿ ಅವರು ಪಶ್ಚಿಮ ಘಟ್ಟದ ಹಲವು ಕಪ್ಪೆಗಳನ್ನು ಹೆಸರಿಸಿದರು. 1937ರ ಅವರ ಪ್ರಬಂಧವನ್ನು ಇಂದಿಗೂ ಸಂಶೋಧಕರು ತೆರೆದು ನೋಡುತ್ತಾರೆ. ಅವರು ಜೋಪಾನವಾಗಿಟ್ಟಿದ್ದ ಮೂಲ ಮಾದರಿಗಳು ಆಮೇಲೆ ಕಳೆದುಹೋದವು ಎಂಬುದು ನಮ್ಮ ವಿಜ್ಞಾನಕ್ಕಾದ ದೊಡ್ಡ ನಷ್ಟ. 1932ರಲ್ಲಿ ಬೆಂಗಳೂರಿನಿಂದ ಕರೆಂಟ್ ಸೈನ್ಸ್ ಪತ್ರಿಕೆ ಶುರುವಾದಾಗ ಅದರ ಮೊದಲ ಸಂಪಾದಕರು ಅವರೇ. ಆನೆಮುಡಿಯ ಕಪ್ಪೆ ಅವರ ಹೆಸರು ಹೊತ್ತು ಪ್ರಕಟವಾದದ್ದು ಅದೇ ಪತ್ರಿಕೆಯಲ್ಲಿ.

ಈಗ ಭೂಮಿಯೇ ಬಿಸಿಯಾಗುತ್ತಿದೆ. ಉಷ್ಣತೆ ಒಂದು ಡಿಗ್ರಿ ಏರಿದರೆ, ಹಳೆಯ ತಂಪನ್ನು ಹುಡುಕಿಕೊಂಡು ಜೀವಿಯೊಂದು ಸುಮಾರು 150 ಮೀಟರ್ ಮೇಲಕ್ಕೆ ಹೋಗಬೇಕು. ಇಳಿಜಾರಿನ ನಡುವಿನಲ್ಲಿರುವ ಜೀವಿಗೆ ಅಷ್ಟು ಜಾಗವಿದೆ. 2,695 ಮೀಟರಿನ ನೆತ್ತಿಯಲ್ಲಿರುವ ಕಪ್ಪೆಗೆ ಇಲ್ಲ. ಪಾಲಕ್ಕಾಡಿನ ಬಯಲು ದಾಟಿ ನೀಲಗಿರಿಯ ದೊಡ್ಡಬೆಟ್ಟಕ್ಕೆ ಹೋಗುವುದಂತೂ ಅದರಿಂದಾಗದ ಮಾತು. ಹೆಪ್ಪಿನ ಚಳಿ ಕಡಿಮೆಯಾದರೆ ಹುಲ್ಲಿನ ಮೇಲಿನ ಕಾವಲೂ ಹೋಗುತ್ತದೆ. ಆಗ ಒಳನುಗ್ಗಲು ಮೊದಲಾಗುವುದು ಶೋಲಾದ ಮರಗಳಲ್ಲ, ಈಗಾಗಲೇ ಚಳಿ ತಡೆಯಬಲ್ಲ ವ್ಯಾಟಲ್‌ನಂಥ ಅಕೇಶಿಯಾಗಳು. ಜೋಶಿಯವರ ತಂಡದ ಆತಂಕ ಇದೇ.

ಮುನ್ನಾರಿನ ಮೂಡಣಕ್ಕೆ, ವಟ್ಟವಡದ ಬಳಿ ಆನೆಮುಡಿ ಶೋಲಾ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ ಪಳತ್ತೋಟ್ಟಂ ಎಂಬ ಜಾಗವಿದೆ. ಅಲ್ಲಿನ ವ್ಯಾಟಲ್ ತೋಪು ಬೆಂಕಿಗೆ ಸುಟ್ಟುಹೋದ ಮೇಲೆ ಕೇರಳದ ಅರಣ್ಯ ಇಲಾಖೆ ಮತ್ತೆ ಮರ ನೆಡಲಿಲ್ಲ. ಸುತ್ತಲಿನ ಊರಿನವರ ಕೈಯಲ್ಲಿ ಅಲ್ಲಿಯದೇ ಹುಲ್ಲಿನ ತಳಿಗಳನ್ನು ಬೆಳೆಸಿ, ಬುಡ ಬುಡವಾಗಿ ನೆಡಿಸಿತು. ನೂರೈವತ್ತು ವರ್ಷ ಬಂಜರೆಂದು ಕರೆಸಿಕೊಂಡ ಹುಲ್ಲಿಗೆ ಈಗ ಸಸಿಮಡಿಯ ಆರೈಕೆ ಸಿಗುತ್ತಿದೆ. ವ್ಯಾಟಲ್ ಬೀಜ ಮಣ್ಣಿನಲ್ಲಿ ದಶಕಗಳ ಕಾಲ ಜೀವ ಹಿಡಿದು ಕೂರುತ್ತದೆ, ಬೆಂಕಿಯ ಕಾವು ತಗಲಿದರೆ ಎಚ್ಚೆತ್ತು ಮೊಳೆಯುತ್ತದೆ. ಹಾಗಾಗಿ ಇಂಥ ಜಾಗದಲ್ಲಿ ಹುಲ್ಲು ನೆಟ್ಟು ಬಂದರೆ ಮುಗಿಯಿತು ಎನ್ನುವಂತಿಲ್ಲ. ಮುಂಗಾರು ಕಳೆದ ಮೇಲೆ ಪ್ರತಿ ವರ್ಷವೂ ಹೋಗಿ, ಹುಲ್ಲಿನ ನಡುವೆ ಬಗ್ಗಿ ಹುಡುಕಿ, ವ್ಯಾಟಲ್ ಮೊಳಕೆಗಳನ್ನು ಬೇರುಸಹಿತ ಕೀಳಬೇಕು.